ತಂತಿಯ ಮೇಲೆ ಬಂದ ಮಿಡಿತ: ಹೃದಯಾಘಾತವನ್ನು ಗುರುತಿಸಲು ಕಲಿತ ಕಥೆ

ಬೆಂಗಳೂರಿನಿಂದ ಹೊಸೂರು ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ, ಅದಾದ ಮೇಲೆ ಚಂದಾಪುರ ಸಿಗುತ್ತವೆ. ಆನೇಕಲ್ಲಿಗೆ ತಿರುಗುವ ರಸ್ತೆ ಇಲ್ಲಿಂದಲೇ. ಚಂದಾಪುರದ ವೃತ್ತದಿಂದ ಎರಡು-ಮೂರು ಕಿಲೋಮೀಟರು ಹಿಂದಕ್ಕೆ, ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ನಾರಾಯಣ ಹೃದಯಾಲಯವಿದೆ. ಶಸ್ತ್ರವೈದ್ಯ ದೇವಿ ಶೆಟ್ಟಿ ಅವರು 2000ನೆಯ ಇಸವಿಯಲ್ಲಿ ಸ್ಥಾಪಿಸಿದ ಈ ಆಸ್ಪತ್ರೆಯ ಒಂದು ಕೋಣೆಗೆ 2002ರಲ್ಲಿ ಹೊಸ ಬಗೆಯ ಸಂದೇಶಗಳು ಬರತೊಡಗಿದವು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಹಾಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳ ಇಸಿಜಿ ರೇಖೆಗಳು ಇಸ್ರೊ ಒದಗಿಸಿದ ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಹೃದ್ರೋಗ ತಜ್ಞರ ಪರದೆಯ ಮೇಲೆ ಮೂಡುತ್ತಿದ್ದವು.

ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ. ಸಂಕೇತ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು ಸಾಕು. ಆದರೆ ಎದೆ ಹಿಡಿದುಕೊಂಡ ಮನುಷ್ಯ ತನ್ನ ಮನೆಯಿಂದ ಇಸಿಜಿ ಯಂತ್ರದ ಬಳಿಗೆ ಬರಲು ಎಷ್ಟು ಹೊತ್ತು ಬೇಕು? ಈ ಎರಡು ಕಾಲಗಳ ನಡುವಿನ ಅಂತರವೇ ಈ ಲೇಖನದ ವಿಷಯ. ಮೊದಲನೆಯದನ್ನು ಕಡಿಮೆ ಮಾಡಲು ಭೌತಶಾಸ್ತ್ರ ನೂರು ವರ್ಷಗಳಿಗೂ ಹೆಚ್ಚು ಕಾಲ ದುಡಿದಿದೆ. ಎರಡನೆಯದು ನಮ್ಮ ನಿಮ್ಮ ಕೈಯಲ್ಲಿದೆ.

ಅಜೀರ್ಣವೆಂದು ಬರೆದುಕೊಂಡ ಕಾಲ

ನಡೆಯುವಾಗ, ಅದರಲ್ಲೂ ಊಟವಾದ ಮೇಲೆ ಏರು ಹತ್ತುವಾಗ ಎದೆಯನ್ನು ಹಿಂಡಿದಂತಾಗಿ, ನಿಂತ ಕೂಡಲೇ ಮಾಯವಾಗುವ ನೋವನ್ನು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ 1768ರಲ್ಲೇ ವರ್ಣಿಸಿದ್ದ. ಅದಕ್ಕೆ ಆತ ಆಂಜೈನಾ ಪೆಕ್ಟೋರಿಸ್ ಎಂದು ಹೆಸರಿಟ್ಟ. ಆದರೆ ಅದು ಹೃದಯದ ರಕ್ತನಾಳಗಳ ದೋಷ ಎಂಬುದು ಆತನಿಗೆ ಹೊಳೆದಿರಲಿಲ್ಲ. ಮುಂದೆ ಶವಪರೀಕ್ಷೆ ನಡೆಸಿದವರು ಹೃದಯಕ್ಕೆ ರಕ್ತ ಒದಗಿಸುವ ಕರೊನರಿ ಧಮನಿಗಳು ಗಟ್ಟಿಯಾಗಿರುವುದನ್ನೂ ಅಲ್ಲಿ ರಕ್ತ ಹೆಪ್ಪುಗಟ್ಟಿರುವುದನ್ನೂ ಕಂಡರು. ಅದರಿಂದ ಬೇರೂರಿದ ನಂಬಿಕೆ ಒಂದೇ: ಕರೊನರಿ ಧಮನಿ ಹಠಾತ್ತಾಗಿ ಮುಚ್ಚಿಕೊಂಡರೆ ಸಾವು ತಕ್ಷಣ ಬರುತ್ತದೆ, ಬದುಕಿರುವವನಲ್ಲಿ ಅದನ್ನು ಪತ್ತೆ ಹಚ್ಚುವ ಮಾತೇ ಇಲ್ಲ.

ಹಾಗಾದರೆ ಎದೆಯ ಕೆಳಭಾಗದಲ್ಲಿ ತಡೆಯಲಾರದ ನೋವು, ಬೆವರು, ವಾಂತಿ ಎಂದು ಒದ್ದಾಡಿ ಒಂದೆರಡು ದಿನಗಳಲ್ಲಿ ತೀರಿಕೊಂಡವರು? ಅವರ ಮರಣಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಂಥ ದೇಶದಲ್ಲಿಯೂ ‘ತೀವ್ರ ಅಜೀರ್ಣ’ ಎಂದು ಕಾರಣ ಬರೆಯುವುದಿತ್ತು. ನಮ್ಮೂರುಗಳಲ್ಲಿ ಇಂದಿಗೂ ‘ಬರೀ ಗ್ಯಾಸು’ ಎಂದು ಹೇಳುವಾಗ ಆ ಹಳೆಯ ತಪ್ಪನ್ನೇ ನಾವು ಮತ್ತೆ ಮಾಡುತ್ತಿರುತ್ತೇವೆ. ತಪ್ಪಿಗೆ ಶಾರೀರಿಕ ಕಾರಣವೂ ಇದೆ. ಹೃದಯದ ಕೆಳಮೈ ವಪೆಯ ಮೇಲೆ ಕುಳಿತಿದೆ, ಅದರ ಕೆಳಗೇ ಜಠರ. ಹೃದಯದಿಂದ ನೋವನ್ನು ಒಯ್ಯುವ ನರಗಳು ಬೆನ್ನುಹುರಿಯಲ್ಲಿ ತೋಳು, ಕುತ್ತಿಗೆ, ಹೊಟ್ಟೆಯ ಮೇಲ್ಭಾಗಗಳ ನರಗಳ ಜೊತೆ ಸೇರುತ್ತವೆ. ನೋವು ಎಲ್ಲಿಂದ ಬಂತೆಂದು ಮಿದುಳು ಗುರುತಿಸಲಾರದೆ ಗೊಂದಲಕ್ಕೊಳಗಾಗುತ್ತದೆ. ಎಡತೋಳು, ದವಡೆ, ಭುಜಗಳ ನಡುವಿನ ಬೆನ್ನು, ಹೊಟ್ಟೆಯ ಬಾಯಿ, ಇವೆಲ್ಲ ಹೃದಯದ ನೋವು ಕಾಣಿಸಿಕೊಳ್ಳುವ ‘ಬೇರೆ ವಿಳಾಸಗಳು’.

ಈ ನಂಬಿಕೆಯನ್ನು ಅಲುಗಾಡಿಸಿದವರು ಮೊದಲು ಕೀವ್ ನಗರದ ಒಬ್ರಜ್ತ್ಸೋವ್ ಮತ್ತು ಸ್ಟ್ರಜೆಸ್ಕೊ. 1910ರಲ್ಲಿ ಪ್ರಕಟವಾದ ಅವರ ಲೇಖನದ ನಂತರ, 1912ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಅದನ್ನೇ ಸ್ವತಂತ್ರವಾಗಿ ವಾದಿಸಿದ. ಧಮನಿ ಮುಚ್ಚಿದ ಮೇಲೂ ಮನುಷ್ಯ ಗಂಟೆಗಟ್ಟಲೆ, ದಿನಗಟ್ಟಲೆ ಬದುಕಿರಬಹುದು, ಚೇತರಿಸಿಕೊಳ್ಳಲೂಬಹುದು, ಆದ್ದರಿಂದ ರೋಗವನ್ನು ಹಾಸಿಗೆಯ ಪಕ್ಕದಲ್ಲೇ ಗುರುತಿಸಬಹುದು. ಹೆರಿಕನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಅವನ ಬಳಿ ಲಕ್ಷಣಗಳಿದ್ದವು, ತೋರಿಸಲು ದಾಖಲೆ ಇರಲಿಲ್ಲ. ಆ ದಾಖಲೆ ಒದಗಿದ್ದು ಭೌತಶಾಸ್ತ್ರದ ಪ್ರಯೋಗಾಲಯದಿಂದ.

ನಾಯಿಯ ಪಾದ, ಬಾಣದ ಎಳೆ

1887ರಲ್ಲಿ ಲಂಡನ್ನಿನ ಆಗಸ್ಟಸ್ ವಾಲರ್ ಮನುಷ್ಯನ ಹೃದಯದ ವಿದ್ಯುತ್ತನ್ನು ಎದೆ ಸೀಳದೆ, ಮೈಮೇಲಿನಿಂದಲೇ ದಾಖಲಿಸಿದ. ಅವನು ಬಳಸಿದ್ದು ಲಿಪ್‌ಮನ್ನನ ಲೋಮನಾಳ ವಿದ್ಯುನ್ಮಾಪಕ. ಪಾದರಸ ಮತ್ತು ಸಲ್ಫ್ಯೂರಿಕ್ ಆಮ್ಲ ಸಂಧಿಸುವ ಎಡೆಯಲ್ಲಿ ವಿಭವಾಂತರ ಬದಲಾದರೆ ಪಾದರಸದ ಮೇಲ್ಮೈ ಎಳೆತ ಬದಲಾಗಿ ಅದರ ತುದಿ ಸರಿಯುತ್ತದೆ. ಮೇಲ್ಮೈ ಎಳೆತದ ಪಾಠ ಮಾಡುವಾಗ ಸೋಪಿನ ಗುಳ್ಳೆಗೇ ನಿಲ್ಲುವ ಉಪಾಧ್ಯಾಯರು ಈ ಉದಾಹರಣೆಯನ್ನೂ ಸೇರಿಸಿಕೊಳ್ಳಬಹುದು. ವಾಲರ್ ತನ್ನ ಸಾಕುನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಿ ಸಭಿಕರಿಗೆ ಅದರ ಮಿಡಿತ ತೋರಿಸುತ್ತಿದ್ದ. ಇದು ಪ್ರಾಣಿಹಿಂಸೆಯಲ್ಲವೇ ಎಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದದ್ದೂ ಉಂಟು! ತಮಾಷೆಯೆಂದರೆ ಈ ವಿದ್ಯೆ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದೀತೆಂದು ವಾಲರನಿಗೇ ನಂಬಿಕೆ ಇರಲಿಲ್ಲ.

ಪಾದರಸಕ್ಕೆ ಜಡತ್ವ ಹೆಚ್ಚು. ಹೃದಯದ ವೇಗವಾದ ಏರಿಳಿತವನ್ನು ಅದು ಹಿಂಬಾಲಿಸಲಾರದು. ವಾಲರನ ಪ್ರದರ್ಶನ ನೋಡಿದ್ದ ಲೈಡನ್ ವಿಶ್ವವಿದ್ಯಾಲಯದ ವಿಲೆಮ್ ಐಂಥೋವನ್ ಈ ತೊಡಕನ್ನು ಮೊದಲು ಗಣಿತದಿಂದ ಸರಿಪಡಿಸಲು ಹೊರಟು, ಕೊನೆಗೆ ಉಪಕರಣವನ್ನೇ ಬದಲಿಸಿದ. ಅವನ ತಂತು ಗ್ಯಾಲ್ವನೋಮೀಟರಿನ ತತ್ತ್ವ ಪಿಯುಸಿ ವಿದ್ಯಾರ್ಥಿಗೂ ಗೊತ್ತು: ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ ಹರಿದರೆ ತಂತಿ ಪಕ್ಕಕ್ಕೆ ಸರಿಯುತ್ತದೆ. ಸಾಮಾನ್ಯ ಗ್ಯಾಲ್ವನೋಮೀಟರಿನಲ್ಲಿ ನೂರಾರು ಸುತ್ತಿನ ಸುರುಳಿ ಇರುತ್ತದೆ, ಅದು ಭಾರ. ಐಂಥೋವನ್ ಸುರುಳಿಯನ್ನು ಕಿತ್ತುಹಾಕಿ ಒಂದೇ ಒಂದು ಎಳೆ ಉಳಿಸಿದ. ಬೆಳ್ಳಿ ಲೇಪಿಸಿದ ಕ್ವಾರ್ಟ್ಸ್ ಎಳೆ ಅದು, ದಪ್ಪ ಮಿಲಿಮೀಟರಿನ ಸಾವಿರದ ಕೆಲವೇ ಭಾಗ. ಇಂಥ ಎಳೆಯನ್ನು ಎಳೆಯುವ ವಿಧಾನ ಇಂಗ್ಲೆಂಡಿನ ಭೌತವಿಜ್ಞಾನಿ ಚಾರ್ಲ್ಸ್ ಬಾಯ್ಸ್‌ನದು. ಕರಗಿದ ಕ್ವಾರ್ಟ್ಸ್‌ನ ತುಣುಕನ್ನು ಬಾಣಕ್ಕೆ ಅಂಟಿಸಿ ಬಿಲ್ಲಿನಿಂದ ಹೊಡೆಯುವುದು! ಬಾಣದ ಹಿಂದೆ ಜೇಡರ ಬಲೆಯಂಥ ಎಳೆ ಉಳಿಯುತ್ತಿತ್ತು.

ಎಳೆ ಹಗುರವಾದರೂ ಯಂತ್ರ ಹಗುರವಾಗಲಿಲ್ಲ. ಬಲವಾದ ವಿದ್ಯುತ್ಕಾಂತಗಳು, ಅವು ಕಾಯದಂತೆ ಹರಿಯುವ ನೀರು, ಎಳೆಯ ನೆರಳನ್ನು ಚಲಿಸುವ ಫೋಟೋ ಫಲಕದ ಮೇಲೆ ಬೀಳಿಸುವ ದೀಪ ಮತ್ತು ಮಸೂರಗಳು ಸೇರಿ ಸುಮಾರು 270 ಕಿಲೋಗ್ರಾಂ. ನಡೆಸಲು ಐವರು ಬೇಕಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಜಾಡಿಗಳಲ್ಲಿ ಮುಳುಗಿಸಿ ಕೂರಬೇಕಿತ್ತು. ಈ ಯಂತ್ರವನ್ನು ಆಸ್ಪತ್ರೆಗೆ ಹೊತ್ತೊಯ್ಯುವಂತಿಲ್ಲ, ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಾಲಯಕ್ಕೆ ತರುವಂತಿಲ್ಲ. ಐಂಥೋವನ್ ಕಂಡುಕೊಂಡ ದಾರಿ ಸರಳ. 1905ರ ಮಾರ್ಚಿನಲ್ಲಿ ಲೈಡನ್ ಆಸ್ಪತ್ರೆಗೂ ತನ್ನ ಪ್ರಯೋಗಾಲಯಕ್ಕೂ ನಡುವಿನ ಸುಮಾರು ಒಂದೂವರೆ ಕಿಲೋಮೀಟರು ದೂರವನ್ನು ಟೆಲಿಫೋನ್ ತಂತಿಯಿಂದ ಜೋಡಿಸಿ, ರೋಗಿಯ ಹೃದಯದ ವಿದ್ಯುತ್ತನ್ನು ತಂತಿಯ ಮೂಲಕ ತರಿಸಿಕೊಂಡ. ಸರಗೂರಿನಿಂದ ಬೊಮ್ಮಸಂದ್ರಕ್ಕೆ ಬಂದ ರೇಖೆಗಳ ಮುತ್ತಾತ ಇದೇ. ಪಿ, ಕ್ಯೂ, ಆರ್, ಎಸ್, ಟಿ ಎಂದು ಇಂದಿಗೂ ಬಳಸುವ ಅಲೆಗಳ ಹೆಸರು ಅವನಿಟ್ಟವು. 1924ರ ನೊಬೆಲ್ ಬಹುಮಾನ ಅವನಿಗೆ ಸಂದಿತು.

ಈ ರೇಖೆ ಹೃದಯಾಘಾತವನ್ನು ತೋರಿಸುವುದು ಹೇಗೆ? ಆರೋಗ್ಯವಂತ ಹೃದಯಕೋಶದ ಒಳಗೆ, ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಕಡಿಮೆ ವಿಭವವಿರುತ್ತದೆ. ರಕ್ತ ನಿಂತುಹೋದ ಕೋಶಕ್ಕೆ ಆಮ್ಲಜನಕವಿಲ್ಲ, ಅಯಾನುಗಳನ್ನು ಒಳಗೆ ಹೊರಗೆ ಸಾಗಿಸುವ ಪಂಪಿಗೆ ಶಕ್ತಿಯಿಲ್ಲ. ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ವಿಭವ ಕುಸಿಯುತ್ತದೆ. ಪಕ್ಕಪಕ್ಕದಲ್ಲೇ ಒಂದು ಆರೋಗ್ಯವಂತ ಪ್ರದೇಶ, ಒಂದು ಪೆಟ್ಟು ತಿಂದ ಪ್ರದೇಶ, ನಡುವೆ ವಿಭವಾಂತರ. ವಿಭವಾಂತರವಿದ್ದಲ್ಲಿ ವಿದ್ಯುತ್ ಹರಿಯಲೇಬೇಕು. ಈ ‘ಗಾಯದ ವಿದ್ಯುತ್ತು’ ಎಸ್ ಮತ್ತು ಟಿ ಅಲೆಗಳ ನಡುವಿನ ಸಪಾಟಾದ ಭಾಗವನ್ನು ಮೇಲಕ್ಕೆತ್ತುತ್ತದೆ. ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡಿ 1920ರಲ್ಲಿ ಇದನ್ನು ರೋಗಿಯಲ್ಲಿ ತೋರಿಸಿದ ಮೇಲೆ ಹೆರಿಕನ ವಾದಕ್ಕೆ ಬೆಲೆ ಬಂತು. ಮುಂದೆ ಎದೆಯ ಮೇಲಿನ ಆರು ಲೀಡುಗಳೂ ಸೇರಿ ಇಂದಿನ 12 ಲೀಡುಗಳ ಇಸಿಜಿ ರೂಪುಗೊಂಡಿತು. ಒಂದೇ ಮನೆಯನ್ನು ಹನ್ನೆರಡು ಕಿಟಕಿಗಳಿಂದ ನೋಡಿದಂತೆ. ಯಾವ ಕಿಟಕಿಯಲ್ಲಿ ರೇಖೆ ಮೇಲೆದ್ದಿದೆ ಎಂಬುದರಿಂದ ಯಾವ ಧಮನಿ ಮುಚ್ಚಿದೆ ಎಂದು ಊಹಿಸಬಹುದು.

ಒಂದು ಎಚ್ಚರಿಕೆ. ಮೊದಲ ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲ ಎನ್ನುವಂತಿಲ್ಲ. ನೋವು ಮುಂದುವರಿದರೆ ಸ್ವಲ್ಪ ಹೊತ್ತಿಗೆ ಮತ್ತೆ ತೆಗೆಯಬೇಕು, ಸತ್ತ ಹೃದಯಕೋಶಗಳಿಂದ ರಕ್ತಕ್ಕೆ ಸೋರುವ ಟ್ರೊಪೋನಿನ್ ಎಂಬ ಪ್ರೋಟೀನನ್ನು ಅಳೆಯಬೇಕು.

ನಾಲ್ಕನೆಯ ಘಾತ

ಪ್ಯಾರಿಸ್ಸಿನ ಪ್ವಾಸೇಯ್ ವೈದ್ಯ. ನಮ್ಮ ಪಠ್ಯಪುಸ್ತಕಗಳು ಅವನ ಸೂತ್ರವನ್ನು ಕಲಿಸುತ್ತವೆ, ಅವನು ಗಾಜಿನ ಸೂಕ್ಷ್ಮನಾಳಗಳಲ್ಲಿ ನೀರು ಹರಿಸಿದ್ದು ರಕ್ತದ ಹರಿವನ್ನು ಅರಿಯಲೆಂದು ಎಂಬುದನ್ನು ಹೇಳುವುದಿಲ್ಲ. ರಕ್ತದ ಒತ್ತಡವನ್ನು ಪಾದರಸದ ಕಂಬದಿಂದ ಅಳೆದವರಲ್ಲಿ ಅವನೇ ಮೊದಲಿಗ. 1840ರ ಸುಮಾರಿಗೆ ಅವನು ಕಂಡುಕೊಂಡ ಪ್ರಕಾರ, ಉಳಿದೆಲ್ಲ ಸಮವಾಗಿದ್ದರೆ ನಾಳದಲ್ಲಿನ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಐದನೆಯ ಒಂದು ಭಾಗ ಕುಗ್ಗಿದರೂ ಹರಿವು ಅರ್ಧಕ್ಕಿಂತ ಕೆಳಗೆ ಹೋಗುತ್ತದೆ.

ಹಾಗಿದ್ದರೆ ಧಮನಿ ಅರ್ಧ ಕಿರಿದಾದವರೆಲ್ಲ ಕುಸಿದು ಬೀಳಬೇಕಲ್ಲವೇ? ಬೀಳುವುದಿಲ್ಲ. ಏಕೆಂದರೆ ದೊಡ್ಡ ಧಮನಿಯ ಮುಂದೆ ಸಾವಿರಾರು ಸಣ್ಣ ಕವಲುಗಳು ಶ್ರೇಣಿಯಲ್ಲಿ ಜೋಡಿಸಿದ ರೋಧದಂತೆ ಕುಳಿತಿವೆ, ಒಟ್ಟು ರೋಧದ ಬಹುಭಾಗ ಅವುಗಳದೇ. ದೊಡ್ಡ ಧಮನಿ ಕಿರಿದಾದಾಗ ಕವಲುಗಳು ಹಿಗ್ಗಿ ಕೊರತೆ ತುಂಬುತ್ತವೆ. ಆದರೆ ಹಿಗ್ಗುವ ಈ ಉಳಿತಾಯ ಮೆಟ್ಟಿಲು ಹತ್ತುವಾಗ ಬೇಕಾಗುವ ಹೆಚ್ಚಿನ ರಕ್ತಕ್ಕೆಂದು ಇಟ್ಟದ್ದು. ವಿಶ್ರಾಂತಿಯಲ್ಲೇ ಅದು ಖರ್ಚಾಗಿಬಿಟ್ಟರೆ ಮೆಟ್ಟಿಲಲ್ಲಿ ಎದೆ ಹಿಂಡುತ್ತದೆ, ನಿಂತರೆ ಸರಿಹೋಗುತ್ತದೆ. 1768ರ ಹೆಬರ್ಡೆನ್ನನ ರೋಗಿಗಳ ಕಥೆ ಇದೇ.

ಹೃದಯಾಘಾತದ ಕಥೆ ಬೇರೆ. ಅದು ನಿಧಾನವಾಗಿ ಕಿರಿದಾಗುತ್ತ ಹೋಗಿ ಕೊನೆಗೆ ಮುಚ್ಚಿಕೊಳ್ಳುವುದಲ್ಲ. ಧಮನಿಯ ಗೋಡೆಯೊಳಗೆ ಬೆಳೆದ, ಪ್ಲಾಕ್ ಎಂದು ಕರೆಯುವ ಕೊಬ್ಬಿನ ದಿಬ್ಬದ ತೆಳುವಾದ ಹೊದಿಕೆ ಒಂದು ದಿನ ಬಿರಿಯುತ್ತದೆ. ಒಳಗಿನ ಸರಕು ರಕ್ತಕ್ಕೆ ತಾಗಿದ ಕೂಡಲೇ ಗಾಯವಾಯಿತೆಂದು ಭಾವಿಸಿ ರಕ್ತದ ಕಿರುಫಲಕಗಳು ಮುತ್ತಿ ಹೆಪ್ಪು ಕಟ್ಟುತ್ತವೆ. ಬಿರಿಯುವ ದಿಬ್ಬ ಧಮನಿಯನ್ನು ಅರ್ಧದಷ್ಟೂ ಕಿರಿದಾಗಿಸಿರದೆ ಇರಬಹುದು. ಆದ್ದರಿಂದಲೇ ಕಳೆದ ತಿಂಗಳು ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಪಾಸಾದವನಿಗೆ ಈ ತಿಂಗಳು ಹೃದಯಾಘಾತವಾದರೆ ಅದು ಪರೀಕ್ಷೆಯ ಸುಳ್ಳಲ್ಲ. ಆ ಪರೀಕ್ಷೆ ಹರಿವಿನ ಕೊರತೆಯನ್ನು ಅಳೆಯುತ್ತದೆ, ಹೊದಿಕೆ ಯಾವಾಗ ಬಿರಿದೀತು ಎಂಬುದನ್ನಲ್ಲ. ವರ್ಷಕ್ಕೊಮ್ಮೆ ‘ಪೂರ್ತಿ ಚೆಕಪ್’ ಮಾಡಿಸಿ ನಿಶ್ಚಿಂತರಾಗಿ ಬೀಡಿ ಹಚ್ಚುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಹೆಪ್ಪೇ ಶತ್ರುವಾದರೆ ಅದನ್ನು ಕರಗಿಸಬಹುದಲ್ಲ? ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ದೊರೆಯುವ ಸ್ಟ್ರೆಪ್ಟೊಕೈನೇಸ್ 1930ರ ದಶಕದಿಂದಲೇ ಗೊತ್ತಿತ್ತು. ಅದು ಹೃದಯಾಘಾತದಲ್ಲಿ ಜೀವ ಉಳಿಸುತ್ತದೆಂದು ಖಚಿತವಾದದ್ದು 1986ರಲ್ಲಿ, ಇಟಲಿಯ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಜಿಸ್ಸಿ ಪ್ರಯೋಗದಿಂದ. ನೋವು ಶುರುವಾದ ಒಂದು ಗಂಟೆಯೊಳಗೆ ಔಷಧಿ ಸಿಕ್ಕವರಲ್ಲಿ ಸಾವು ಸುಮಾರು ಅರ್ಧಕ್ಕಿಳಿಯಿತು. ತಡವಾದಷ್ಟೂ ಲಾಭ ಕರಗುತ್ತ ಹೋಯಿತು. ಎರಡು ವರ್ಷಗಳ ನಂತರ, 1988ರಲ್ಲಿ, ಐಸಿಸ್-2 ಪ್ರಯೋಗದ ಫಲಿತಾಂಶ ಬಂತು: 17,187 ರೋಗಿಗಳು, ಎರಡು ಔಷಧಿಗಳು. ಆಸ್ಪಿರಿನ್ ಆಗಲಿ ಸ್ಟ್ರೆಪ್ಟೊಕೈನೇಸ್ ಆಗಲಿ ಸಿಗದವರಲ್ಲಿ ಐದು ವಾರದೊಳಗೆ ಹೃದಯ-ರಕ್ತನಾಳಗಳ ಕಾರಣದಿಂದ ಸತ್ತವರು ಶೇಕಡಾ 13.2, ಎರಡೂ ಸಿಕ್ಕವರಲ್ಲಿ ಶೇಕಡಾ 8. ಕೆಲವೇ ರೂಪಾಯಿಯ ಆಸ್ಪಿರಿನ್ ಒಂದೇ ಸಾವನ್ನು ಸುಮಾರು ಕಾಲುಭಾಗ ತಗ್ಗಿಸಿತ್ತು. (ಈ ಪ್ರಯೋಗದಲ್ಲೊಂದು ಸೊಗಸಾದ ಪಾಠವಿದೆ. ರೋಗಿಗಳನ್ನು ಗುಂಪು ಗುಂಪಾಗಿ ಒಡೆದು ತೋರಿಸಿ ಎಂದು ಒತ್ತಾಯ ಬಂದಾಗ ಸಂಶೋಧಕರು ರಾಶಿಗಳ ಪ್ರಕಾರವೂ ಒಡೆದು ತೋರಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡಲಿಲ್ಲವೆಂದು ‘ಸಾಬೀತಾಯಿತು’! ಸಂಖ್ಯೆಗಳನ್ನು ಸಾಕಷ್ಟು ತುಂಡು ಮಾಡಿದರೆ ಅವು ಏನನ್ನು ಬೇಕಾದರೂ ಹೇಳುತ್ತವೆ ಎಂಬುದನ್ನು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.)

ಬೆಂಗಳೂರು ಅಳೆದ ಆರು ಗಂಟೆ

ಐಸಿಸ್ ಪ್ರಯೋಗಗಳ ಸರಣಿಯನ್ನು ಆಕ್ಸ್‌ಫರ್ಡಿನಲ್ಲಿ ರೂಪಿಸಿದವರಲ್ಲಿ ಸಲೀಂ ಯೂಸುಫ್ ಒಬ್ಬರು. ಅವರು ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಆ ನಂಟು ಮುಂದುವರಿದು 1996ರಲ್ಲಿ ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್ ಮತ್ತು ಸಂಗಡಿಗರು ಯೂಸುಫ್ ಅವರೊಂದಿಗೆ ಸೇರಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಂಗಳೂರಿನಲ್ಲಿ ಮೊದಲ ಹೃದಯಾಘಾತವಾದ 200 ಜನರನ್ನು, ಅದೇ ವಯಸ್ಸಿನ ಹೃದ್ರೋಗವಿಲ್ಲದ 200 ಜನರ ಪಕ್ಕದಲ್ಲಿಟ್ಟು ನೋಡಿದ ಸಣ್ಣ ಅಧ್ಯಯನ. ದಿನಕ್ಕೆ ಹತ್ತು ಅಥವಾ ಹೆಚ್ಚು ಬೀಡಿ, ಸಿಗರೇಟು ಸೇದುವವರಲ್ಲಿ ಅಪಾಯ ಆರು ಪಟ್ಟಿಗೂ ಹೆಚ್ಚು. ರಕ್ತದೊತ್ತಡ, ಮಧುಮೇಹಗಳಿಂದ ತಲಾ ಎರಡೂವರೆ ಪಟ್ಟು. ತೂಕಕ್ಕಿಂತ ಹೊಟ್ಟೆಯ ಸುತ್ತಳತೆ ಮುಖ್ಯ. ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಆಧಾರವೇನೂ ಸಿಗಲಿಲ್ಲ.

ಈ ಬೀಜ ಬೆಳೆದು 2004ರ ಇಂಟರ್‌ಹಾರ್ಟ್ ಅಧ್ಯಯನವಾಯಿತು. 52 ದೇಶಗಳು, ಹದಿನೈದು ಸಾವಿರ ರೋಗಿಗಳು, ಹೆಚ್ಚುಕಡಿಮೆ ಅಷ್ಟೇ ಮಂದಿ ಹೋಲಿಕೆಗೆ. ಧೂಮಪಾನ, ರಕ್ತದ ಕೊಬ್ಬು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿಗಳ ಕೊರತೆ, ದೈಹಿಕ ಶ್ರಮದ ಕೊರತೆ, ಮದ್ಯಪಾನದ ಅಭ್ಯಾಸ, ಈ ಒಂಬತ್ತೇ ಅಂಶಗಳು ಮೊದಲ ಹೃದಯಾಘಾತಗಳ ಶೇಕಡಾ 90ರಷ್ಟು ಅಪಾಯವನ್ನು ವಿವರಿಸಿದವು. ‘ನಮ್ಮ ವಂಶದಲ್ಲೇ ಇದೆ ಬಿಡಿ’ ಎಂದು ಕೈಚೆಲ್ಲುವವರಿಗೆ ಇದು ಉತ್ತರ. ವಂಶದ ಪಾತ್ರ ಇಲ್ಲವೆಂದಲ್ಲ, ಅದು ಬಹುಮಟ್ಟಿಗೆ ಈ ಬಾಗಿಲುಗಳಿಂದಲೇ ಒಳಬರುತ್ತದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ರ ವಯಸ್ಸಿಗೇ ಬರುತ್ತದೆ, ಉಳಿದವರಿಗೆ ಸುಮಾರು 59ಕ್ಕೆ ಎಂಬುದೂ ಇದರಿಂದಲೇ ತಿಳಿಯಿತು. ನಮಗೆ ಆ ಅಪಾಯಗಳು ಚಿಕ್ಕ ವಯಸ್ಸಿನಲ್ಲೇ ಅಂಟಿಕೊಳ್ಳುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಜಯದೇವ ಹೃದ್ರೋಗ ಸಂಸ್ಥೆ 2017ರಿಂದ ನಲವತ್ತರೊಳಗಿನ ರೋಗಿಗಳಿಗಾಗಿಯೇ ಪ್ರತ್ಯೇಕ ದಾಖಲೆ ಇಡಬೇಕಾಗಿ ಬಂದಿತು.

ನನ್ನನ್ನು ಹೆಚ್ಚು ಕಾಡುವುದು ಸೇಂಟ್ ಜಾನ್ಸ್‌ನ ಡೆನಿಸ್ ಜೇವಿಯರ್, ಪೈಸ್ ಮೊದಲಾದವರು 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ದಾಖಲೆ. ಭಾರತದ 89 ಆಸ್ಪತ್ರೆಗಳು, 20,468 ರೋಗಿಗಳು. ಎಸ್‌ಟಿ ಭಾಗ ಮೇಲೆದ್ದ, ಅಂದರೆ ಧಮನಿ ಪೂರ್ತಿ ಮುಚ್ಚಿದ ರೋಗಿಗಳು ನೋವು ಶುರುವಾದಮೇಲೆ ಆಸ್ಪತ್ರೆ ಮುಟ್ಟಲು ತೆಗೆದುಕೊಂಡ ಮಧ್ಯಾಂಕ ಕಾಲ 360 ನಿಮಿಷ.

ಈ ಸಂಖ್ಯೆಯನ್ನು ಇನ್ನೊಂದರ ಪಕ್ಕದಲ್ಲಿಡಿ. 1977ರಲ್ಲಿ ಅಮೆರಿಕದ ರೈಮರ್ ಮತ್ತು ಜೆನ್ನಿಂಗ್ಸ್ ತಂಡ ನಾಯಿಗಳ ಕರೊನರಿ ಧಮನಿ ಕಟ್ಟಿ, ಬೇರೆ ಬೇರೆ ಹೊತ್ತಿಗೆ ಬಿಚ್ಚಿ, ಅಪಾಯಕ್ಕೊಳಗಾದ ಸ್ನಾಯುವಿನಲ್ಲಿ ಎಷ್ಟು ಸತ್ತಿದೆಯೆಂದು ನೋಡಿತು. ನಲವತ್ತು ನಿಮಿಷಕ್ಕೆ ಬಿಚ್ಚಿದರೆ ಸುಮಾರು ಶೇಕಡಾ 38, ಮೂರು ಗಂಟೆಗೆ 57, ಆರು ಗಂಟೆಗೆ 71. ಸಾವು ಒಳಗೋಡೆಯಿಂದ ಹೊರಗೋಡೆಯ ಕಡೆಗೆ ಅಲೆಯಂತೆ ಹಬ್ಬುತ್ತದೆ. ಮನುಷ್ಯನಲ್ಲಿ ಇದೇ ಅಂಕಿಗಳು ಬರಬೇಕಿಲ್ಲ, ಆದರೆ ದಾರಿ ಇದೇ. ಅಂದರೆ ನಮ್ಮ ನಡುವಿನ ರೋಗಿ ಆಸ್ಪತ್ರೆಯ ಬಾಗಿಲು ಕಾಣುವ ಹೊತ್ತಿಗೆ ಉಳಿಸಬಹುದಾಗಿದ್ದ ಸ್ನಾಯುವಿನ ಬಹುಪಾಲು ಹೋಗಿರುತ್ತದೆ. ಬಾಗಿಲು ದಾಟಿದ ಮೇಲೆ ಹೆಪ್ಪು ಕರಗಿಸುವ ಔಷಧಿ ಕೊಡಲು ಹಿಡಿದದ್ದು ಸುಮಾರು 50 ನಿಮಿಷ ಮಾತ್ರ.

ಅದೇ ದಾಖಲೆಯಲ್ಲಿ ಇನ್ನೊಂದು ಜೋಡಿ ಸಂಖ್ಯೆಗಳಿವೆ. ಮೂವತ್ತು ದಿನಗಳೊಳಗೆ ಸತ್ತ ಬಡ ರೋಗಿಗಳು ಶೇಕಡಾ 8.2, ಶ್ರೀಮಂತರು 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಾವಿನ ಈ ಅಂತರ ಮಾಯವಾಯಿತು. ಬಡವರ ಹೃದಯ ದುರ್ಬಲವಾಗಿರಲಿಲ್ಲ, ಅವರಿಗೆ ಔಷಧಿ ಕಡಿಮೆ ಸಿಕ್ಕಿತ್ತು.

ಈಗೇನು ಬದಲಾಗಿದೆ

ಕ್ರಿಯೇಟ್‌ಗೆ ರೋಗಿಗಳನ್ನು ಸೇರಿಸಿಕೊಂಡ ಕಾಲಕ್ಕೆ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಇರಲಿಲ್ಲ. ಅದು ಬಂದದ್ದು 2008ರ ನವೆಂಬರಿನಲ್ಲಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗ ಸಾವಿರಾರು ಜನ ಜಯದೇವದ ಮುಂದೆ ತಪಾಸಣೆಗೆ ಸಾಲುಗಟ್ಟಿದರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಓದಿ, ಜಯದೇವದಂಥ ಕೇಂದ್ರದ ತಜ್ಞರ ಸಲಹೆಯಂತೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವುದು ಅದರ ಉದ್ದೇಶ. ಇದು ಸ್ಟ್ರೆಪ್ಟೊಕೈನೇಸ್‌ನಂತೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಹನಿಸಬೇಕಾದದ್ದಲ್ಲ, ಒಂದೇ ಸಲಕ್ಕೆ ಕೊಡುವಂಥದ್ದು. ರೋಗಿಯನ್ನು ತಜ್ಞರ ಬಳಿಗೆ ಒಯ್ಯುವ ಬದಲು ರೇಖೆಯನ್ನು ಒಯ್ಯುವುದು. 1905ರ ಲೈಡನ್ನಿನ ಯೋಚನೆಯೇ. ಆಮೇಲೆ ರೋಗಿಯನ್ನು ಆಂಜಿಯೋಪ್ಲಾಸ್ಟಿ ಇರುವಲ್ಲಿಗೆ ಸಾಗಿಸಬಹುದು.

ಚಂದಾಪುರದವರಿಗೆ ಇಷ್ಟೂ ಬೇಡ, ದೊಡ್ಡ ಆಸ್ಪತ್ರೆ ಕಣ್ಣೆದುರಿಗೇ ಇದೆ ಎನ್ನಬಹುದು. ಆದರೆ ಆರು ಗಂಟೆಯಲ್ಲಿ ರಸ್ತೆಯ ಪಾಲು ಎಷ್ಟು? ನನಗೆ ಗೊತ್ತಿರುವ ಒಬ್ಬ ಕಾರ್ಖಾನೆಯ ಮೇಲ್ವಿಚಾರಕರು ರಾತ್ರಿ ಪಾಳಿ ಮುಗಿಸಿ ಬಂದು ಬೆಳಗಿನ ಜಾವ ಎದೆ ಬಿಗಿಯಿತೆಂದು ಎದ್ದು ಕುಳಿತರು. ಪಾಳಿಯಲ್ಲಿ ತಿಂದ ಬೋಂಡಾ ಎಂದುಕೊಂಡು ಸೋಡಾ ಕುಡಿದರು, ಜೀರಿಗೆ ಕಷಾಯ ಆಯಿತು, ಅಂಗಡಿ ತೆರೆದ ಮೇಲೆ ಆಮ್ಲನಾಶಕ ಮಾತ್ರೆಯೂ ಆಯಿತು. ಬೆವರಿಗೆ ಬನಿಯನ್ ಒದ್ದೆಯಾಗಿದ್ದುದನ್ನು ಹೆಂಡತಿ ಗಮನಿಸಿ, ‘ಏನ್ರೀ, ಫ್ಯಾನ್ ಕೆಳಗೆ ಕೂತು ಹೀಗೆ ಬೆವರ್ತಿದೀರಲ್ಲ, ಏಳಿ’ ಎಂದು ಆಟೋ ಹತ್ತಿಸಿದಾಗ ಹನ್ನೊಂದು ಗಂಟೆ. ಮೂರು ಕಿಲೋಮೀಟರಿಗೆ ಏಳು ಗಂಟೆ ಹಿಡಿದಿತ್ತು. ಬದುಕಿದ್ದಾರೆ, ಆದರೆ ಒಂದು ಮಹಡಿ ಹತ್ತಿದರೆ ಏದುಸಿರು ಬರುತ್ತದೆ.

ಆ ಬೆವರೇ ಸುಳಿವು. ಗ್ಯಾಸಿನ ನೋವಿಗೆ ಮೈ ತಣ್ಣಗಾಗಿ ಬೆವರುವುದಿಲ್ಲ. ಎದೆಯ ಮೇಲೆ ಕಲ್ಲು ಹೇರಿದಂಥ, ಹಿಂಡಿದಂಥ ಭಾರ ಹದಿನೈದು-ಇಪ್ಪತ್ತು ನಿಮಿಷ ಕಳೆದರೂ ಹೋಗದಿದ್ದರೆ, ತೋಳಿಗೋ ದವಡೆಗೋ ಬೆನ್ನಿಗೋ ಹಬ್ಬಿದರೆ, ಜೊತೆಗೆ ಬೆವರು, ಉಸಿರುಕಟ್ಟುವಿಕೆ, ವಾಕರಿಕೆ ಇದ್ದರೆ ಹೃದಯಾಘಾತವೆಂದೇ ತಿಳಿಯಬೇಕು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರೀ ಆಯಾಸ, ಉಸಿರಾಟದ ಕಷ್ಟ ಕಾಣಿಸಬಹುದು. ಮಧುಮೇಹ ನೋವಿನ ನರಗಳನ್ನೇ ಮಂದಗೊಳಿಸಿರುತ್ತದೆ. ರೋಗಿಯನ್ನು ನಡೆಸಬಾರದು, ಆತ ತಾನೇ ಬೈಕು ಓಡಿಸಿಕೊಂಡು ಹೋಗಬಾರದು. 108ಕ್ಕೆ ಕರೆ ಮಾಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ನನ್ನು ಅಗಿದು ನುಂಗಿಸಿ. ಅಗಿಯುವುದು ಬೇಗ ರಕ್ತ ಸೇರಲೆಂದು. ಇಸಿಜಿ ಇಲ್ಲದ ಕ್ಲಿನಿಕ್ಕಿನ ಮುಂದೆ ಕಾಯುವುದು ಬೇಡ. ಆಸ್ಪತ್ರೆ ಸೇರಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯರು ತಮಗೇ ಹಾಕಿಕೊಂಡಿರುವ ಗಡುವು. ನೀವು ಅದನ್ನು ಕೇಳಬಹುದು.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಮೊದಲನೆಯದು ರಕ್ತನಾಳದ ತೊಂದರೆ, ಎರಡನೆಯದು ಹೆಚ್ಚಾಗಿ ವಿದ್ಯುತ್ತಿನದು. ಮೊದಲನೆಯದರಿಂದ ಎರಡನೆಯದು ಯಾವ ಕ್ಷಣದಲ್ಲೂ ಹುಟ್ಟಬಹುದು. ಕುಸಿದವನು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಡುವಿನ ಮೂಳೆಯ ಕೆಳಗಿನ ಅರ್ಧಭಾಗವನ್ನು ಎರಡೂ ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರು ಆಳಕ್ಕೆ ಒತ್ತುತ್ತಲೇ ಇರಬೇಕು. ಈ ವಿದ್ಯೆಯನ್ನು 1960ರಲ್ಲಿ ಜಗತ್ತಿಗೆ ಕೊಟ್ಟ ತಂಡದ ಮುಖ್ಯಸ್ಥ ವಿಲಿಯಂ ಕೌವೆನ್‌ಹೋವನ್ ವೈದ್ಯನಲ್ಲ, ಎಲೆಕ್ಟ್ರಿಕಲ್ ಎಂಜಿನಿಯರು. ಹೃದಯದ ಕಂಪನ ನಿಲ್ಲಿಸುವ ವಿದ್ಯುದ್ವಾರಗಳನ್ನು ನಾಯಿಯ ಎದೆಗೆ ಒತ್ತಿದಾಗ, ವಿದ್ಯುತ್ ಹರಿಸುವ ಮೊದಲೇ ಒತ್ತಡಮಾಪಕ ಅಲುಗಿತು. ಒತ್ತಿದ್ದಕ್ಕೇ ರಕ್ತ ಹರಿದಿತ್ತು.

ತಡೆಯುವ ಮಾತಿಗೆ ಬಂದರೆ, ಒಂಬತ್ತು ಅಂಶಗಳ ಪಟ್ಟಿಯಲ್ಲಿ ಔಷಧಿ ಅಂಗಡಿಗೆ ಹೋಗಬೇಕಾದದ್ದು ಕಡಿಮೆ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನ 5,209 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಲು ಹೊರಟವರು ಮೊದಲು ತೋರಿಸಿದ್ದೇ, ಲಕ್ಷಣಗಳಿಲ್ಲದ ಏರಿದ ರಕ್ತದೊತ್ತಡ ನಿರುಪದ್ರವಿಯಲ್ಲ ಎಂಬುದನ್ನು. ಹಾಗಾಗಿ ಮೂವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ ಅಳೆಸಿಕೊಂಡಿರಬೇಕು. ಮಾತ್ರೆ ಬರೆದುಕೊಟ್ಟರೆ ‘ಈಗ ಸರಿಯಿದೆ’ ಎಂದು ನಿಲ್ಲಿಸಬಾರದು. ದಿನಕ್ಕೆ ಐದು ಗ್ರಾಂ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ ಸೇರಿ. ವಾರಕ್ಕೆ 150 ನಿಮಿಷದ ಬಿರುಸಾದ ನಡಿಗೆ. ವನಸ್ಪತಿ ಮತ್ತು ಬೇಕರಿ ತಿನಿಸುಗಳಲ್ಲಿದ್ದ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಶೇಕಡಾ 2ರ ಮಿತಿ ಬಂದಿದೆ, ಆದರೆ ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ಬಂಡಿಗೆ ಯಾವ ಮಿತಿಯೂ ತಿಳಿಯದು. ಧೂಮಪಾನ ಬಿಟ್ಟ ಒಂದು ವರ್ಷದಲ್ಲಿ ಅದರಿಂದಾದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಇಷ್ಟು ಬೇಗ ಫಲ ಕೊಡುವ ಮಾತ್ರೆ ಕಡಿಮೆ.

2025ರ ಮೇ-ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಜನ ಮತ್ತೆ ಜಯದೇವದ ಮುಂದೆ ನೆರೆದರು. ಸರ್ಕಾರದ ತಜ್ಞರ ಸಮಿತಿ ಪರಿಶೀಲಿಸಿ, ಹಿಂದಿನ ಅವಧಿಗಿಂತ ಸಾವುಗಳು ಅಸಹಜವಾಗಿ ಹೆಚ್ಚಿಲ್ಲವೆಂದು ವರದಿ ಮಾಡಿತು. ಸತ್ತವರಲ್ಲಿ ಆಟೋ, ಕ್ಯಾಬ್ ಚಾಲಕರು ಎದ್ದು ಕಾಣುವಷ್ಟು ಇದ್ದರು: ಕುಳಿತೇ ದುಡಿಮೆ, ಹೊತ್ತು ತಪ್ಪಿದ ಊಟ, ಅರ್ಧ ನಿದ್ದೆ. ಬೊಮ್ಮಸಂದ್ರ, ಚಂದಾಪುರಗಳ ಪಾಳಿ ಬದುಕೂ ಇದರಿಂದ ದೂರವಿಲ್ಲ. ಹೆದರಿ ಒಂದು ದಿನ ಸಾಲು ನಿಲ್ಲುವುದರಿಂದ ಈ ದಿನಚರಿ ಬದಲಾಗದು.

ಉಪಾಧ್ಯಾಯರಿಗೆ ಒಂದು ಪ್ರಯೋಗ ಸೂಚಿಸುತ್ತೇನೆ, ಖರ್ಚಿಲ್ಲದ್ದು. ನಿಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯಿಂದ ದಿನದ 24 ಗಂಟೆಯೂ ಇಸಿಜಿ ತೆಗೆಯುವ, ಹೆಪ್ಪು ಕರಗಿಸುವ ಚುಚ್ಚುಮದ್ದು ಇಟ್ಟಿರುವ ಆಸ್ಪತ್ರೆ ಯಾವುದೆಂದು ವಿಚಾರಿಸಿ ಬರಲಿ. ದೊಡ್ಡವರ ಜೊತೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಸಂಜೆ ಆರಕ್ಕೆ ಅಲ್ಲಿಗೆ ತಲುಪಲು ಹಿಡಿಯುವ ನಿಮಿಷಗಳನ್ನು ಗಡಿಯಾರ ನೋಡಿ ಅಳೆಯಲಿ. ಎಲ್ಲರ ಅಳತೆಗಳಿಂದ ಮಧ್ಯಾಂಕ ತೆಗೆದು, ಆಸ್ಪತ್ರೆಯ ಹೆಸರು ಮತ್ತು ಫೋನ್ ಸಂಖ್ಯೆಯೊಂದಿಗೆ ಶಾಲೆಯ ಸೂಚನಾ ಫಲಕಕ್ಕೆ ಹಾಕಿ, ಒಂದು ಪ್ರತಿಯನ್ನು ಪ್ರತಿ ಮನೆಯ ಅಡಿಗೆಮನೆ ಬಾಗಿಲಿಗೂ ಅಂಟಿಸಲು ಹೇಳಿ.